ಇಲ್ಲಿ ಸ್ವಲ್ಪ ಹೊತ್ತು ಕೂರಬಹುದಾ

ಮುಂಬೈ ಫೋರ್ಟಿನ ಮೈದಾನಗಳನ್ನು ಜನ ಓಡಾಡಲಿ, ಮಕ್ಕಳು ಆಡಲಿ ಎಂದು ಯಾರೂ ಬಿಟ್ಟಿರಲಿಲ್ಲ. ಫಿರಂಗಿಯ ಗುಂಡಿಗೆ ಅಡ್ಡ ಏನೂ ಸಿಗಬಾರದೆಂದು ಬಿಟ್ಟದ್ದು. ಕೋಟೆಯ ಗೋಡೆಯ ಮೇಲೆ ನಿಂತ ಸಿಪಾಯಿಗೆ ದೂರದ ತನಕ ಬರೀ ಬಯಲೇ ಕಾಣಬೇಕಿತ್ತು. ಅದಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯವರು ಗೋಡೆಯಾಚೆ ನೂರಾರು ಗಜದವರೆಗೆ ಇದ್ದ ಮನೆಗಳನ್ನೂ ತೆಂಗಿನ ಮರಗಳನ್ನೂ ತೆಗೆಸಿದರು. ಆ ಬಯಲಿಗೆ ಎಸ್ಪ್ಲನೇಡ್ ಎಂದು ಹೆಸರಾಯಿತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಬೊಂಬಾಯಿಯ ಹತ್ತಿಗೆ ಚಿನ್ನದ ಬೆಲೆ ಬಂತು, ಊರು ಉಬ್ಬಿತು, ಗವರ್ನರ್ ಬಾರ್ಟಲ್ ಫ್ರಿಯರ್ ಕೋಟೆಯ ಗೋಡೆ ಕೆಡವಿಸಿದ. ಗೋಡೆ ಹೋಯಿತು, ಬಯಲು ಉಳಿಯಿತು. ಆಮೇಲೆ ರಸ್ತೆಗಳು ಅದನ್ನು ಕತ್ತರಿಸಿದವು. ಕೂಪರೇಜ್, ಓವಲ್, ಕ್ರಾಸ್ ಮೈದಾನ, ಆಜಾದ್ ಮೈದಾನ ಎಂದು ನಾವು ಇವತ್ತು ಬೇರೆ ಬೇರೆಯಾಗಿ ಕರೆಯುವವು ಒಂದೇ ಬಯಲಿನ ತುಂಡುಗಳು.

ವೀಟಿಯಲ್ಲಿ ಇಳಿದು ಆಫೀಸಿಗೆ ನಡೆಯುವಾಗ ಆಜಾದ್ ಮೈದಾನದ ಅಂಚು ಹಿಡಿದೇ ಹೋಗುವವಳು ನಾನು. (ವಿಕ್ಟೋರಿಯಾ ಟರ್ಮಿನಸ್ ಸ್ಟೇಷನ್ನಿನ ಹೆಸರು ಛತ್ರಪತಿ ಶಿವಾಜಿ ಟರ್ಮಿನಸ್ ಎಂದು ಬದಲಾಗಿ ಎಷ್ಟೋ ವರ್ಷವಾಯಿತು. ಬಾಯಿಗೆ ಬರುವುದು ವೀಟಿಯೇ.) ಮೈದಾನದ ಹುಟ್ಟಿನ ಈ ಕತೆ ತಿಳಿದ ಮೇಲೆ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಕಡೆಯ ಊರುಗಳಲ್ಲಿ ಜನ ಸೇರಲೆಂದೇ ಯೋಜಿಸಿ ಕಟ್ಟಿದ ಚೌಕ ಕಡಿಮೆ. ಬೇರೆ ಯಾವುದಕ್ಕೋ ಬಿಟ್ಟ ಜಾಗ ಖಾಲಿ ಇದ್ದಾಗ ಜನ ಹೋಗಿ ಸೇರುತ್ತಾರೆ, ಅಷ್ಟೆ. ಉಡುಪಿಯ ರಥಬೀದಿ ಅಗಲವಾಗಿರುವುದು ತೇರು ತಿರುಗಬೇಕೆಂದು. ತೇರು ಇಲ್ಲದ ಹೊತ್ತಿನಲ್ಲಿ ಅದು ಹೂವಿನವರದ್ದು, ಪುಸ್ತಕದಂಗಡಿಯವರದ್ದು, ಮಠದ ಊಟ ಮುಗಿಸಿ ಬಸ್ಸಿಗೆ ಇನ್ನೂ ಹೊತ್ತಿದೆ ಎನ್ನುವವರದ್ದು. ಕೊಲ್ಕತ್ತದ ಮೈದಾನವೂ ಫೋರ್ಟ್ ವಿಲಿಯಂನ ಫಿರಂಗಿಗಳಿಗಾಗಿ ತೆರವಾದದ್ದೇ. ಕೊಲಂಬೊದ ಗಾಲ್ ಫೇಸ್ ಬಯಲನ್ನೂ ಡಚ್ಚರು ತಮ್ಮ ಫಿರಂಗಿಗಳಿಗಾಗಿ ಬಿಟ್ಟಿದ್ದರೆಂದು ಹೇಳುತ್ತಾರೆ. 2022ರಲ್ಲಿ ಅದೇ ಬಯಲಿನಲ್ಲಿ ಲಂಕೆಯ ಜನ ತಿಂಗಳುಗಟ್ಟಲೆ ಡೇರೆ ಹೊಡೆದು ಕೂತರು, ಅಧ್ಯಕ್ಷ ದೇಶ ಬಿಟ್ಟು ಹೋಗಬೇಕಾಯಿತು. ಕಠ್ಮಂಡುವಿನ ತುಂಡಿಖೇಲ್ ಸೈನ್ಯದ ಕವಾಯತಿನ ಮೈದಾನ. 2015ರ ಏಪ್ರಿಲ್ ಭೂಕಂಪದಲ್ಲಿ ಮನೆಯೊಳಗೆ ಹೋಗಲು ಹೆದರಿದ ಜನ ರಾತ್ರಿ ಕಳೆದದ್ದು ಅಲ್ಲಿ.

ಫೋರ್ಟಿನ ಒಳಗೂ ಒಂದು ಬಯಲಿತ್ತು, ಬಾಂಬೆ ಗ್ರೀನ್. ಟೌನ್ ಹಾಲಿನ ಎದುರು ಹತ್ತಿಯ ಮೂಟೆಗಳ ರಾಶಿ ಬೀಳುತ್ತಿದ್ದ ಜಾಗ. 1844ರಲ್ಲಿ ಹತ್ತಿ ವ್ಯಾಪಾರವನ್ನು ಕೊಲಾಬಾಕ್ಕೆ ಕಳಿಸಿದರು. ಆಮೇಲೆ ಆ ಬಯಲನ್ನು ದುಂಡಗೆ ಮಾಡಿ, ಸುತ್ತ ಕಮಾನಿನ ಕಟ್ಟಡಗಳನ್ನು ನಿಲ್ಲಿಸಿ, ನಡುವೆ ತೋಟ ಬೆಳೆಸಿ, ಗವರ್ನರನ ಹೆಸರಿಟ್ಟು ಎಲ್ಫಿನ್‌ಸ್ಟನ್ ಸರ್ಕಲ್ ಎಂದರು. ಸ್ವಾತಂತ್ರ್ಯದ ಪರವಾಗಿ ಬರೆದ ಬಾಂಬೆ ಕ್ರಾನಿಕಲ್‌ನ ಸಂಪಾದಕ ಹಾರ್ನಿಮನ್ ಹೆಸರು ಬಂದದ್ದು ಸ್ವಾತಂತ್ರ್ಯದ ನಂತರ. ಲಕ್ಷಣವಾದ ಜಾಗ. ಆದರೆ ತೋಟಕ್ಕೆ ಕಬ್ಬಿಣದ ಬೇಲಿ, ಗೇಟಿಗೆ ಹೊತ್ತು ಗೊತ್ತು. ಸಂಜೆ ಅಲ್ಲಿ ಜನ ಕೂರುವುದು ಬೇಲಿಯೊಳಗಿನ ಬೆಂಚುಗಳಿಗಿಂತ ಹೆಚ್ಚಾಗಿ ಎದುರಿನ ಅದೇ ಟೌನ್ ಹಾಲಿನ, ಅಂದರೆ ಏಷ್ಯಾಟಿಕ್ ಸೊಸೈಟಿಯ, ಅಗಲದ ಮೆಟ್ಟಿಲುಗಳ ಮೇಲೆ. ಮೆಟ್ಟಿಲು ಮಾಡಿದ್ದು ಹತ್ತಲಿಕ್ಕೆ. ಕೂರಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಫೋರ್ಟಿನಲ್ಲಿ ನನಗೆ ಸಿಕ್ಕಿಲ್ಲ.

ನನ್ನ ದೊಡ್ಡಪ್ಪ ಕುಂದಾಪುರದಿಂದ ಬೊಂಬಾಯಿಗೆ ಬಂದಾಗ ಅವರಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಆ ಕಾಲದ ಎಷ್ಟೋ ಹುಡುಗರ ಹಾಗೆ ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯಲು ಸೇರಿದರು. ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲಾಯರ್, ಕಡೆಗೆ ಗಲ್ಲಾ. ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುವುದು. ಕೆಲಸದ ನಡುವೆ ಬಿಡುವು ಮಾಡಿಕೊಂಡು ಕನ್ನಡ ರಾತ್ರಿ ಶಾಲೆ. ಆಫೀಸುಗಳನ್ನು ನಂಬಿದ ಹೋಟೆಲಾದ್ದರಿಂದ ಭಾನುವಾರ ರಜೆ, ಆ ದಿನ ಪೂರ್ತಿ ಆಜಾದ್ ಮೈದಾನ. ಅವರು ಹೇಳುವುದು ಹೀಗೆ: "ಮಲಗಲಿಕ್ಕೆ ಮೇಜು ಇತ್ತು ಮಗಾ, ಕೂರಲಿಕ್ಕೆ ಜಾಗ ಎಲ್ಲಿತ್ತು? ಹೋಟ್ಲಲ್ಲಿ ಕೂತರೆ ಧಣಿ ಬೈಯ್ತಿದ್ರು. ರಸ್ತೆಯಲ್ಲಿ ಕೂತರೆ ಪೊಲೀಸ."

ಮೈದಾನದಲ್ಲಿ ಯಾರೂ ಎಬ್ಬಿಸುತ್ತಿರಲಿಲ್ಲ. ಕುಂದಾಪುರದವರು, ಕಾರ್ಕಳದವರು, ಕಾಪುವಿನವರು ಒಂದೊಂದು ಗುಂಪಾಗಿ ಕೂರುತ್ತಿದ್ದರಂತೆ. ಊರಿನಿಂದ ಬಂದ ಕಾಗದವನ್ನು ಓದಲು ಬರುವವನೊಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಯಾರ ಮನೆಯ ದನ ಕರು ಹಾಕಿತು, ಯಾರ ತಂಗಿಗೆ ಗಂಡು ಗೊತ್ತಾಯಿತು, ಯಾವ ಮೇಳ ಯಾವ ಊರಿನಲ್ಲಿ ಆಟ ಆಡಿತು ಎಂಬುದೆಲ್ಲ ಹುಲ್ಲಿನ ಮೇಲೆ ಕೂತವರಿಗೆಲ್ಲ ಗೊತ್ತಾಗಬೇಕು. ಯಾವ ಹೋಟೆಲಿನಲ್ಲಿ ಆಳು ಬೇಕು, ಯಾವ ಧಣಿ ಸಂಬಳ ಇಟ್ಟುಕೊಳ್ಳುತ್ತಾನೆ ಎನ್ನುವ ಸುದ್ದಿಯೂ ಅಲ್ಲಿಂದಲೇ ಹರಡಬೇಕು. ಮುಂಬೈಯ ಕನ್ನಡ ಸಂಘಗಳ ಇತಿಹಾಸ ಬರೆಯುವವರು ಸಭಾಭವನಗಳನ್ನು, ಅಧ್ಯಕ್ಷರನ್ನು, ಬೆಳ್ಳಿಹಬ್ಬಗಳನ್ನು ಬರೆಯುತ್ತಾರೆ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು, ಕರ್ನಾಟಕ ಸಂಘ 1933ರದ್ದು, ಅವುಗಳ ಕೆಲಸ ದೊಡ್ಡದು. ಆದರೆ ಸಂಘದ ಬಾಗಿಲಿನ ತನಕ ಹೋಗಲು ಒಂದು ಒಗೆದ ಅಂಗಿ ಬೇಕಿತ್ತು, ಸ್ವಲ್ಪ ಧೈರ್ಯವೂ ಬೇಕಿತ್ತು. ಅಂಗಿ ಇಲ್ಲದ ದಿನಗಳ ಸಂಘ ಮೈದಾನದಲ್ಲಿ ನಡೆಯುತ್ತಿತ್ತು. ಅದರ ನಡಾವಳಿ ಯಾರೂ ಬರೆದಿಡಲಿಲ್ಲ.

ಇಷ್ಟು ಹೇಳಿ ಮೈದಾನವೆಂದರೆ ಎಲ್ಲರದ್ದೂ ಎಂದುಬಿಟ್ಟರೆ ಸುಳ್ಳಾಗುತ್ತದೆ. ಎಸ್ಪ್ಲನೇಡಿನಲ್ಲಿ ಪಾರ್ಸಿ, ಹಿಂದೂ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಬಿಳಿಯರು ಅದೇ ನೆಲದಲ್ಲಿ ಕುದುರೆ ಏರಿ ಪೋಲೊ ಆಡಿ ಪಿಚ್ಚನ್ನು ಗೊರಸಿನಿಂದ ಕೆಡಿಸುತ್ತಿದ್ದರು. ಬಿಳಿಯರ ಕ್ರಿಕೆಟ್ಟಿಗೆ ಬಾಂಬೆ ಜಿಮ್ಖಾನಾದ ಬೇರೆ ಹಸಿರು ನೆಲ ಇತ್ತು, ಅಲ್ಲಿಗೆ ಕುದುರೆ ಬರುತ್ತಿರಲಿಲ್ಲ. 1881ರಲ್ಲಿ ಶಾಪೂರ್ಜಿ ಸೊರಾಬ್ಜಿಯ ಮುಂದಾಳತ್ವದಲ್ಲಿ ನೂರಾರು ಆಟಗಾರರು ಸರ್ಕಾರಕ್ಕೆ ಅರ್ಜಿ ಕೊಟ್ಟರು. ಒಮ್ಮೆ ಅವರ ಪರ, ಇನ್ನೊಮ್ಮೆ ಪೋಲೊ ಆಡುವವರ ಪರ ಎಂದು ಸರ್ಕಾರ ವರ್ಷಗಟ್ಟಲೆ ಓಲಾಡಿತು. ಮುಂದೆ ಸಮುದ್ರದ ದಡದಲ್ಲಿ ಪಾರ್ಸಿಗಳಿಗೊಂದು, ಹಿಂದೂಗಳಿಗೊಂದು, ಮುಸಲ್ಮಾನರಿಗೊಂದು ಜಿಮ್ಖಾನಾಕ್ಕೆ ಜಾಗ ಸಿಕ್ಕಿತು. ಮರೀನ್ ಡ್ರೈವಿನಲ್ಲಿ ಅವು ಇವತ್ತೂ ಸಾಲಾಗಿ ಇವೆ, ಒಳಗೆ ಹೋಗಲು ಸದಸ್ಯರಾಗಿರಬೇಕು. ಬಯಲು ಎಲ್ಲರಿಗೂ ಬೇಕೆಂಬ ಜಗಳ ಒಬ್ಬೊಬ್ಬರಿಗೆ ಒಂದೊಂದು ಕಾಂಪೌಂಡ್ ಆಗಿ ಮುಗಿಯಿತು. ಈ ಊರಿನ ಬಹಳಷ್ಟು ಜಗಳಗಳು ಹೀಗೇ ಮುಗಿಯುತ್ತವೆ.

ಊರಿನ ಅರಳಿಕಟ್ಟೆಯನ್ನು ನೆನೆದು ಕಣ್ಣು ತುಂಬಿಕೊಳ್ಳುವ ಬರಹಗಳನ್ನು ಕಂಡರೂ ನನಗೆ ಅಷ್ಟಕ್ಕಷ್ಟೆ. ಆ ಕಟ್ಟೆಯ ಮೇಲೆ ನನ್ನ ಅಮ್ಮ ಒಂದು ದಿನವೂ ಕೂತವಳಲ್ಲ. ದಲಿತರ ಕೇರಿಯವರು ಅದರ ಹತ್ತಿರ ಸುಳಿಯುವ ಹಾಗಿರಲಿಲ್ಲ. ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಎಸ್. ಕೆ. ಬೋಲೆ ಬೊಂಬಾಯಿ ಶಾಸನಸಭೆಯಲ್ಲಿ ಠರಾವು ಮಾಡಿಸಿದ್ದು 1923ರಲ್ಲಿ. ಕಾಗದದ ಮೇಲೆ ಆದದ್ದು ನೆಲದ ಮೇಲೆ ಆಗಲಿಲ್ಲವೆಂದೇ 1927ರ ಮಾರ್ಚಿನಲ್ಲಿ ಅಂಬೇಡ್ಕರ್ ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರೊಂದಿಗೆ ನಡೆದು ನೀರು ಕುಡಿದದ್ದು. ನೀರು ಕುಡಿದು ಬಂದವರ ಮೇಲೆ ಹಲ್ಲೆಯಾಯಿತು. ಅದೇ ಕಾಲದಲ್ಲಿ ದಾದರಿನಲ್ಲಿ ಶಿವಾಜಿ ಪಾರ್ಕ್ ಎದ್ದಿತು. 1925ರಲ್ಲಿ ಮಹಾನಗರಪಾಲಿಕೆ ಮಾಹಿಮ್ ಪಾರ್ಕ್ ಎಂದು ಶುರು ಮಾಡಿದ ಮೈದಾನಕ್ಕೆ ಎರಡು ವರ್ಷದಲ್ಲಿ ಶಿವಾಜಿಯ ಹೆಸರು ಬಂತು. ಮುಂಬೈಯಲ್ಲಿ ಜನರಿಗಾಗಿಯೇ ಮಾಡಿದ ದೊಡ್ಡ ಬಯಲು ಯಾವುದೆಂದರೆ ನಾನು ಇದನ್ನೇ ತೋರಿಸುವುದು.

ಶಿವಾಜಿ ಪಾರ್ಕಿನ ಜೀವ ಇರುವುದು ಅದರ ಸುತ್ತ ಓಡುವ ಗಿಡ್ಡ ಕಲ್ಲಿನ ಗೋಡೆಯಲ್ಲಿ. ಮೊಣಕಾಲೆತ್ತರದ ಆ ಕಟ್ಟೆ ಒಂದು ಕಿಲೋಮೀಟರಿಗೂ ಉದ್ದ. ಒಳಗೆ ರಮಾಕಾಂತ್ ಅಚ್ರೇಕರ್ ತೆಂಡೂಲ್ಕರನ್ನು ತಯಾರು ಮಾಡಿದರು, ಮರಾಠಿ ಲೇಖಕ ಆಚಾರ್ಯ ಅತ್ರೆ ಸಂಯುಕ್ತ ಮಹಾರಾಷ್ಟ್ರದ, ಅಂದರೆ ಮರಾಠಿಗರಿಗೆಲ್ಲ ಒಂದೇ ರಾಜ್ಯ ಬೇಕೆಂಬ ಚಳವಳಿಯ, ಭಾಷಣ ಹೊಡೆದರು, 1966ರಿಂದ ಶಿವಸೇನೆ ದಸರೆಯ ಸಭೆ ನಡೆಸಿತು. ಇದೆಲ್ಲ ದೊಡ್ಡ ಇತಿಹಾಸ. ಕಟ್ಟೆಯ ಮೇಲಿನದು ಸಣ್ಣದು: ನಿವೃತ್ತ ಮಾಸ್ತರು, ಕಾಲೇಜಿನ ಹುಡುಗಿಯರು, ವಾಕಿಂಗ್ ಅರ್ಧಕ್ಕೆ ಬಿಟ್ಟ ಗೃಹಿಣಿ, ಮನೆಯಲ್ಲಿ ಜಗಳವಾಡಿ ಬಂದ ಗಂಡಸು. ಒಳಗೆ ಮುಖ ಮಾಡಿ ಕೂತರೆ ಆಟ ಕಾಣುತ್ತದೆ, ಹೊರಗೆ ಮುಖ ಮಾಡಿದರೆ ರಸ್ತೆ. ಹೋಗಿಬರುವವರ ಕಣ್ಣು ಬೀಳುವ ಜಾಗವಾದ್ದರಿಂದ ಕತ್ತಲಾದ ಮೇಲೂ ಹೆಂಗಸರು ಅಲ್ಲಿ ಕೂರುತ್ತಾರೆ. ಮೈದಾನದ ನಟ್ಟನಡುವೆ ಆ ಹೊತ್ತಿನಲ್ಲಿ ಒಬ್ಬಳೇ ಹೋಗಿ ನಿಲ್ಲು ಎಂದರೆ ನಾನಂತೂ ನಿಲ್ಲುವುದಿಲ್ಲ. ಬಯಲನ್ನು ಅಳೆಯುವವರು ನಡುವಿನ ಎಕರೆ ಲೆಕ್ಕ ಹಾಕುತ್ತಾರೆ. ಜನಕ್ಕೆ ದಕ್ಕುವುದು ಅಂಚು, ಅದೂ ಕೂರುವ ಹಾಗಿದ್ದರೆ ಮಾತ್ರ.

ಅಂಬೇಡ್ಕರ್ ತೀರಿಕೊಂಡ ದಿನವಾದ ಡಿಸೆಂಬರ್ 6ರ ಹೊತ್ತಿಗೆ ಆ ಮೈದಾನದ ಚಹರೆಯೇ ಬದಲಾಗುತ್ತದೆ. ಅವರ ಅಂತ್ಯಕ್ರಿಯೆ ನಡೆದ ಪಕ್ಕದ ಚೈತ್ಯಭೂಮಿಗೆ ಲಕ್ಷಾಂತರ ಜನ ಬರುತ್ತಾರೆ. ವಿದರ್ಭ, ಮರಾಠವಾಡದಿಂದ, ನಮ್ಮ ಕಲಬುರಗಿ, ಬೀದರ್ ಕಡೆಯಿಂದಲೂ. ಪಾರ್ಕಿನಲ್ಲಿ ಡೇರೆ, ಪುಸ್ತಕದ ಸಾಲು ಸಾಲು ಅಂಗಡಿ, ಬಾಬಾಸಾಹೇಬರ ಪಟ, ಮಕ್ಕಳನ್ನು ಮಲಗಿಸಿ ಸುತ್ತ ಕೂತ ಅಜ್ಜಿಯರು. ಊರು ಗಲೀಜಾಗುತ್ತದೆ ಎಂದು ಗೊಣಗುವವರು ನಮ್ಮ ಆಫೀಸಿನಲ್ಲೂ ಇದ್ದಾರೆ. ಮಹಾಡಿನಲ್ಲಿ ಒಂದು ಬೊಗಸೆ ನೀರಿಗೆ ಏಟು ತಿಂದವರ ಮೊಮ್ಮಕ್ಕಳು ಮುಂಬೈಯ ಅತಿ ದುಬಾರಿ ವಸತಿಯ ನಡುವಿನ ಹುಲ್ಲಿನ ಮೇಲೆ ಚಪಾತಿ ಬಿಚ್ಚಿ ಊಟ ಮಾಡುವುದು ಗಲೀಜಾಗಿ ಕಂಡರೆ ಕಣ್ಣನ್ನೇ ತೋರಿಸಿಕೊಳ್ಳಬೇಕು.

2010ರಲ್ಲಿ ಹೈಕೋರ್ಟು ಶಿವಾಜಿ ಪಾರ್ಕನ್ನು ನಿಶ್ಶಬ್ದ ವಲಯ ಎಂದಿತು. ದಕ್ಷಿಣ ಮುಂಬೈಯಲ್ಲಿ ಈಗ ಪ್ರತಿಭಟನೆಗೆ ಗುರುತಿಸಿಟ್ಟ ಜಾಗ ಆಜಾದ್ ಮೈದಾನದ ಒಂದು ಭಾಗ ಮಾತ್ರ. 2018ರ ಮಾರ್ಚಿನಲ್ಲಿ ನಾಶಿಕದಿಂದ ನಡೆದು ಬಂದ ರೈತರು ಸಯನ್ ಹತ್ತಿರದ ಸೋಮಯ್ಯ ಮೈದಾನದಲ್ಲಿ ತಂಗಿದ್ದರು. ಬೆಳಗ್ಗೆ ಹೊರಟರೆ ಹತ್ತನೇ ತರಗತಿ ಪರೀಕ್ಷೆಗೆ ಹೋಗುವ ಮಕ್ಕಳಿಗೆ ತೊಂದರೆ ಎಂದು ರಾತ್ರಿಯೇ ಎದ್ದು, ಬೊಕ್ಕೆ ಎದ್ದ ಕಾಲಿನಲ್ಲಿ ಆಜಾದ್ ಮೈದಾನಕ್ಕೆ ನಡೆದರು. ಅವತ್ತು ನಾನು ವೀಟಿಯಿಂದ ಬರುವಾಗ ಮೈದಾನ ಕೆಂಪು ಟೊಪ್ಪಿಗೆಗಳಿಂದ ತುಂಬಿತ್ತು. ಆಫೀಸಿನ ಹುಡುಗರು ಬಿಸ್ಕೀಟು, ಚಪ್ಪಲಿ ಹಿಡಿದು ಹೋದರು.

ಹುತಾತ್ಮ ಚೌಕದ ಬಗ್ಗೆ ಒಂದು ಮಾತು. ಫ್ಲೋರಾ ಫೌಂಟನ್ ಪಕ್ಕದಲ್ಲಿ ಪಂಜು ಹಿಡಿದ ರೈತ, ಕಾರ್ಮಿಕರ ಪ್ರತಿಮೆ, ಸಂಯುಕ್ತ ಮಹಾರಾಷ್ಟ್ರದ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರ ನೆನಪಿಗೆ. ನಮಗೆ 1956ರ ನವೆಂಬರ್ 1ಕ್ಕೆ ಸಿಕ್ಕಿದ ರಾಜ್ಯ ಅವರಿಗೆ 1960ರ ಮೇ 1ರ ತನಕ ಸಿಗಲಿಲ್ಲ. ಆ ಚಳವಳಿಯ ಘೋಷಣೆಯಲ್ಲಿ ಬೆಳಗಾವಿ, ಕಾರವಾರ, ನಿಪ್ಪಾಣಿಯೂ ಇದ್ದವೆಂದು ನನಗೆ ಗೊತ್ತು. ಗೊತ್ತಿದ್ದೂ ಮೇ 1ರಂದು ಅಲ್ಲಿ ಹೂ ಇಡಲು ಬರುವವರ ನಡುವೆ ಹಾದುಹೋಗುವಾಗ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ. ಗಡಿಯ ವಿಷಯ ಮನೆಯಲ್ಲಿ ಎತ್ತಿದರೆ ದೊಡ್ಡಪ್ಪನದ್ದೂ ನನ್ನದೂ ಒಂದೇ ದನಿ. ಸತ್ತವರ ವಿಷಯ ಬೇರೆ.

ಮುಂಬೈಯಲ್ಲಿ ತಲೆಗೆ ಸಿಗುವ ತೆರೆದ ಜಾಗ ಒಂದೂಕಾಲು ಚದರ ಮೀಟರಿನ ಆಸುಪಾಸು. ಒಬ್ಬರು ಚಕ್ಕಳಮಕ್ಕಳ ಹಾಕಿ ಕೂತು, ಪಕ್ಕದಲ್ಲಿ ಬ್ಯಾಗ್ ಇಟ್ಟರೆ ಮುಗಿಯಿತು. 2034ರ ಅಭಿವೃದ್ಧಿ ಯೋಜನೆ ಅದನ್ನು ನಾಲ್ಕಕ್ಕೆ ಏರಿಸುವ ಗುರಿ ಇಟ್ಟುಕೊಂಡಿದೆ. ಇರುವುದನ್ನಾದರೂ ಕೂರುವ ಹಾಗೆ ಇಟ್ಟುಕೊಳ್ಳಬಾರದೇ ಎಂದು ನನ್ನ ತಕರಾರು. ಗೇಟ್‌ವೇ ಆಫ್ ಇಂಡಿಯಾದ ಅಂಗಳಕ್ಕೆ 2008ರ ದಾಳಿಯ ನಂತರ ತಪಾಸಣೆ ದಾಟಿ ಹೋಗಬೇಕು, ಅದು ಅರ್ಥವಾಗುತ್ತದೆ. ಮೆಟ್ರೊ ಕೆಲಸಕ್ಕೆ ಆಜಾದ್ ಮೈದಾನದ ಒಂದು ಭಾಗ ವರ್ಷಗಟ್ಟಲೆ ತಗಡಿನ ಹಿಂದೆ ಇತ್ತು, ಅದೂ ಇರಲಿ. ಬೇಲಿ ಹಾಕಿದವರೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ಓವಲ್ ಮೈದಾನ ಕಸದ ತೊಟ್ಟಿಯಾಗಿದ್ದಾಗ ಸುತ್ತಲಿನ ನಿವಾಸಿಗಳು ಕೋರ್ಟಿಗೆ ಹೋಗಿ ಹಟ ಹಿಡಿದು ಅದನ್ನು ಉಳಿಸಿಕೊಂಡರು. ಒಂದು ಕಡೆ ಹೈಕೋರ್ಟು, ವಿಶ್ವವಿದ್ಯಾಲಯದ ಗೋಥಿಕ್ ಗೋಪುರಗಳು, ಇನ್ನೊಂದು ಕಡೆ ಆರ್ಟ್ ಡೆಕೊ ಮನೆಗಳು, ನಡುವೆ ಹುಲ್ಲು. 2018ರಲ್ಲಿ ಅದೆಲ್ಲ ಸೇರಿ ವಿಶ್ವ ಪರಂಪರೆಯ ತಾಣವಾಯಿತು. ಆ ನಿವಾಸಿಗಳು ಹಟ ಮಾಡದಿದ್ದರೆ ಅಲ್ಲಿ ಏನಿರುತ್ತಿತ್ತೋ. ಆದರೂ ಓವಲ್ಲಿನಲ್ಲಿ ನಾನು ಕಾಲುದಾರಿ ಹಿಡಿದು ಹಾದುಹೋದವಳೇ ಹೊರತು ಕೂತವಳಲ್ಲ. ಮಾಟುಂಗದಲ್ಲಿ ಇದಕ್ಕೆ ತಿರುಗಿದ ಉದಾಹರಣೆ ಇದೆ. ಫ್ಲೈಓವರಿನ ಕೆಳಗೆ ಪಾರ್ಕಿಂಗ್ ಆಗಬೇಕಿದ್ದ ಜಾಗವನ್ನು ಅಲ್ಲಿಯವರು ಪಟ್ಟು ಹಿಡಿದು ನಡೆಯುವ ದಾರಿ, ಕೂರುವ ಜಾಗ ಇರುವ ಉದ್ಯಾನವಾಗಿ ಮಾಡಿಸಿಕೊಂಡರು. ನರ್ಮದೆಯ ಹರಿವಿನಂತೆ ಬಳುಕುವ ದಾರಿ. ಮೇಲೆ ಲಾರಿ ಗುಡುಗುತ್ತದೆ, ಕೆಳಗೆ ತಮಿಳು ಮಾಮಿಯರೂ ನಮ್ಮವರೂ ಕೂತು ಮಾತಾಡುತ್ತಾರೆ. ಅಂದವಾಗಿದೆಯೇ ಎಂದರೆ ಇಲ್ಲ. ಜನ ಇದ್ದಾರೆ.

ನಾನಿರುವುದು ಡೊಂಬಿವಲಿಯಲ್ಲಿ. ಇಲ್ಲಿ ಬ್ರಿಟಿಷರ ಫಿರಂಗಿಯೂ ಇರಲಿಲ್ಲ, ಬಯಲೂ ಉಳಿಯಲಿಲ್ಲ. ದೀಪಾವಳಿಯ ಬೆಳಗ್ಗೆ ಫಡ್ಕೆ ರೋಡಿನಲ್ಲಿ ಗಣೇಶ ಮಂದಿರದ ಹತ್ತಿರ ಹೊಸ ಬಟ್ಟೆ ತೊಟ್ಟ ಹುಡುಗ ಹುಡುಗಿಯರು ಕಿಕ್ಕಿರಿಯುತ್ತಾರೆ. ಕಾರಣ ಏನೂ ಬೇಡ, ಒಬ್ಬರನ್ನೊಬ್ಬರು ನೋಡಬೇಕು. ಚೌಕ ಇಲ್ಲದ ಊರು ರಸ್ತೆಯನ್ನೇ ಕೆಲವು ಗಂಟೆ ಚೌಕ ಮಾಡಿಕೊಳ್ಳುತ್ತದೆ. ಉಳಿದ ದಿನ ಅಲ್ಲಿ ರಿಕ್ಷಾದ ಹಾರ್ನು.

ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಸಣ್ಣ ಮೈದಾನ, ಅದರ ಸುತ್ತ ಗಿಡ್ಡ ಗೋಡೆ, ಮೂಲೆಯಲ್ಲಿ ನಾಕಾ, ಅಂದರೆ ರಸ್ತೆಗಳು ಕೂಡುವ ಜಾಗ. ಬೆಳಗ್ಗೆ ಏಳಕ್ಕೆಲ್ಲ ಅಲ್ಲಿ ಕೂಲಿಯವರು ಸೇರುತ್ತಾರೆ. ಬಿಗಾರಿ, ಗಾರೆ, ಪೇಂಟಿಂಗ್, ಟೈಲ್ಸ್ ಹಾಕುವವರು. ಡಬ್ಬಿ ಹಿಡಿದು, ಮುಕಾದಮ ಬಂದು ಕರೆಯುವ ತನಕ ಕಾಯುವುದು. ಕಲಬುರಗಿ, ಯಾದಗಿರಿ, ವಿಜಯಪುರದವರೇ ಹೆಚ್ಚು. ನಾನು ಹಾಲು ತರಲು ಹೋದಾಗ ಕನ್ನಡ ಕಿವಿಗೆ ಬಿದ್ದು ಪರಿಚಯವಾಯಿತು. ಗೋಡೆ ಖಾಲಿ ಇದ್ದರೂ ಎಲ್ಲರೂ ನಿಂತೇ ಇರುವುದನ್ನು ನೋಡಿ ಒಬ್ಬರನ್ನು ಕೇಳಿದೆ, ಯಾಕೆ ಕೂರುವುದಿಲ್ಲ ಎಂದು. "ನಿಂತ್ರ ಯಾರೂ ಏನೂ ಅನ್ನಂಗಿಲ್ರಿ ಅಕ್ಕಾರ. ಕುಂತ್ರ ಎಬ್ಬಸ್ತಾರ" ಎಂದರು.

ಈಗ ಆ ಗಿಡ್ಡ ಗೋಡೆಯ ಮೇಲೆ ಮೊನಚು ತುದಿಯ ಗ್ರಿಲ್ ಕೂರಿಸುವ ಮಾತು ಬಂದಿದೆ. ಸುಶೋಭೀಕರಣವಂತೆ. ಸೊಸೈಟಿಯ ಸಭೆಯಲ್ಲಿ ಹೆಚ್ಚಿನವರು ಒಳ್ಳೆಯದಾಯಿತು ಎಂದರು. ರಾತ್ರಿ ಕುಡುಕರು ಕೂರುತ್ತಾರೆ, ಜೋಡಿಗಳು ಕೂರುತ್ತವೆ. ಕುಡುಕರ ವಿಷಯ ನಿಜವೇ, ಒಂದು ದೀಪ ಹಾಕಿಸಿದರೆ ಅರ್ಧ ಕಡಿಮೆಯಾದೀತು ಎಂದೆ. ಜೋಡಿಗಳ ಬಗ್ಗೆ ಏನು ಮಾಡುತ್ತೀರಿ ಎಂದು ಕಾರ್ಯದರ್ಶಿ ಕೇಳಿದರು. ಏನೂ ಮಾಡುವುದಿಲ್ಲ ಎಂದೆ. ಮೂರನೇ ಮಹಡಿಯ ಮರಾಠಿ ಕಾಕಾ ಜೋರಾಗಿ ನಕ್ಕರು. ಅವರು ದಾದರಿನಲ್ಲಿ ಬೆಳೆದವರು.

ಕಾಕಾ ಮರಾಠಿಯಲ್ಲಿ ಅರ್ಜಿ ಬರೆದಿದ್ದಾರೆ: ಗೋಡೆ ಎರಡು ಅಡಿಗಿಂತ ಎತ್ತರ ಆಗಬಾರದು, ಗ್ರಿಲ್ ಬೇಡ, ಎರಡು ದೀಪ ಬೇಕು, ನಾಕಾದ ಕಡೆ ಒಂದು ನಳ ಮತ್ತು ಶೌಚಾಲಯ ಬೇಕು. ನಳದ ಮಾತು ನಾನು ಸೇರಿಸಿದ್ದು. ಬಿಲ್ಡಿಂಗಿನಲ್ಲಿ ಸಹಿ ಹಾಕಿದವರು ಅರ್ಧಕ್ಕಿಂತ ಕಡಿಮೆ. ನಾಕಾದವರಿಗೆ ಸುದ್ದಿ ತಿಳಿದು, ತಾವೂ ಸಹಿ ಹಾಕಬಹುದಾ ಎಂದು ಕೇಳಿದರು. ವಾರ್ಡಿನ ಮತದಾರರದ್ದಷ್ಟೇ ನಡೆಯುತ್ತದೆ ಎಂದು ಕಾರ್ಯದರ್ಶಿ ಹೇಳುತ್ತಾರೆ. ಅವರ ಸಹಿಗಳಿಗೆ ಬೇರೆ ಹಾಳೆ ಮಾಡಿ ಅರ್ಜಿಯ ಹಿಂದೆ ಪಿನ್ ಹೊಡೆದಿದ್ದೇವೆ. ಕೆಲವರು ಕನ್ನಡದಲ್ಲೇ ಹಾಕಿದ್ದಾರೆ, ಮೂವರದ್ದು ಹೆಬ್ಬೆಟ್ಟು. ಸೋಮವಾರ ಪಾಲಿಕೆಯ ವಾರ್ಡ್ ಆಫೀಸಿಗೆ ಕೊಡಬೇಕು, ಅರ್ಧ ದಿನ ರಜೆ ಹಾಕಿದ್ದೇನೆ.